ಕೂಸು ಅಡವಿಯಲ್ಲಿದ್ದಾಗಲೇ ಬರುವ ಎರರ್

ಪರದೆಯ ನಟ್ಟನಡುವೆ ಆ ಚೌಕಟ್ಟು ಬಂದು ಕೂತಿತೆಂದರೆ ಸಾಕು, ನನ್ನ ಮೈ ಉರಿಯುತ್ತಿತ್ತು. ಬೂದು ಬಣ್ಣದ ಸಣ್ಣ ಚೌಕಟ್ಟು. ಎಡಕ್ಕೊಂದು ಕೆಂಪು ಗುಂಡು, ಅದರೊಳಗೆ ಬಿಳಿ ಕಾಟು. ಪಕ್ಕದಲ್ಲಿ ಇಂಗ್ಲಿಷಿನ ಒಂದು ಸಾಲು: ಇಂಥಿಂಥ ಜಾಗದ ಮೆಮೊರಿಯನ್ನು ಓದಲಾಗಲಿಲ್ಲ, ಪ್ರೋಗ್ರಾಮ್ ಮುಚ್ಚಲಾಗುವುದು. ಕೆಳಗೆ ಓಕೆ ಎಂಬ ಒಂದೇ ಗುಂಡಿ. ‘ಇಲ್ಲ, ಮುಚ್ಚಬೇಡ’ ಅನ್ನಲು ಜಾಗವೇ ಇಲ್ಲ. ಕೆಲಸ ಕೆಡಿಸುವುದು ಅದು, ಹೂಂ ಅನ್ನಬೇಕಾದವಳು ನಾನು! ಇಂಥ ಸೊಕ್ಕನ್ನು ನಾನು ಯಾವ ಸರ್ಕಾರಿ ಕಚೇರಿಯ ಕಿಟಕಿಯಲ್ಲೂ ಕಂಡಿಲ್ಲ. ಅಲ್ಲಿ ಜಗಳವನ್ನಾದರೂ ಆಡಬಹುದು.

ಅದು ಹಳೇ ಕಂಪ್ಯೂಟರು. ಒಳಗಿನ ಆಪರೇಟಿಂಗ್ ಸಿಸ್ಟಮ್ಮೂ ಹಳೆಯದು. ಅದನ್ನು ಮಾಡಿದವರೇ ಕೈಬಿಟ್ಟು ವರ್ಷಗಳಾಗಿವೆ. ಮದುವೆಗೆ ಮುಂಚೆ ನಾನು ಭಾಲ್ಕಿಯ ಒಂದು ಪ್ರೆಸ್ಸಿನಲ್ಲಿ ಕನ್ನಡ ಟೈಪು ಮಾಡುತ್ತಿದ್ದೆ. ಲಗ್ನಪತ್ರಿಕೆ, ಸಂಘದ ವರದಿ, ಚುನಾವಣೆ ಬಂದರೆ ಕರಪತ್ರ. ಪ್ರೆಸ್ಸು ಮುಚ್ಚುವಾಗ ಮಾಲೀಕರು ‘ಇದಕ್ಕ ನಿನ್ನ ಕೈ ಹತ್ಯಾದ, ನೀನೇ ಒಯ್ಯವ್ವಾ’ ಎಂದು ನಾನು ಕೂರುತ್ತಿದ್ದ ಯಂತ್ರವನ್ನೇ ಕೊಟ್ಟರು. ಮದುವೆಯಾದಾಗ ನನ್ನ ಜೊತೆ ಅದೂ ಗಡಿ ದಾಟಿ ತುರೋರಿಗೆ ಬಂತು. ನನ್ನ ಬೆರಳುಗಳಿಗೆ ಬಾಯಿಪಾಠವಾಗಿರುವ ಕನ್ನಡ ತಂತ್ರಾಂಶ ಆ ಹಳೇ ಸಿಸ್ಟಮ್ಮಿನಲ್ಲಿ ಮಾತ್ರ ನಡೆಯುತ್ತದೆ. ಹೊಸದರಲ್ಲಿ ಹಾಕಿದರೆ ಅಕ್ಷರದ ಬದಲು ಸಾಲುಸಾಲು ಖಾಲಿ ಡಬ್ಬಿ ಕಾಣುತ್ತವೆ. ಹಾಗಾಗಿ ಯಾರಾದರೂ ‘ಹಳೇದು, ಬಿಸಾಕು’ ಅಂದರೆ ನನಗೆ ಬರುವ ಸಿಟ್ಟು ಬರೀ ಮೋಹದ ಸಿಟ್ಟಲ್ಲ.

ತುರೋರಿಯಲ್ಲಿ ನಮ್ಮವರದು ಹೆದ್ದಾರಿಯ ಮಗ್ಗುಲಿಗೆ ಪಂಕ್ಚರ್ ಅಂಗಡಿ, ಅದರ ಬೆನ್ನಿಗೇ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಹೊರಗೆ ಮರಾಠಿ, ಒಳಗೆ ಕನ್ನಡ, ಜಗಳಕ್ಕೆ ಎರಡೂ. ಅತ್ತೆ ಕುರಿಯ ಹಿಂದೆ ಬೆಳೆದವರು. ಅವರ ಅಪ್ಪ ಹಿಂಡು ಹೊಡೆದುಕೊಂಡು ಗಡಿಯ ಆಚೆ ಈಚೆ ತಿರುಗುತ್ತ ತಮ್ಮ ದೇವರು ಬೀರಪ್ಪನ ಪದ ಹಾಡುತ್ತಿದ್ದರಂತೆ. ಹಿಂದೆ ನಡೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಬಾಯಿಗೆ ಅದು ಬಂತು. ಡೊಳ್ಳು ಬಾರಿಸುವ ಗಂಡಸರು ಹಾಡುವ ಪದ ಬೇರೆ, ಇದು ಬೇರೆ. ಇದರಲ್ಲಿ ಆಗತಾನೆ ಹುಟ್ಟಿದ ಕೂಸು ಬೀರಪ್ಪನನ್ನು ಅಡವಿಗೆ ಒಯ್ದು ಬಿಡುತ್ತಾರೆ, ಅಕ್ಕ ಹುಡುಕಿಕೊಂಡು ಹೋಗಿ ಎತ್ತಿ ತರುತ್ತಾಳೆ, ಸಾಕುತ್ತಾಳೆ. ಅಕ್ಕನ ಪಾಲೇ ಇದರಲ್ಲಿ ಹೆಚ್ಚು.

ಅತ್ತೆಯ ಅಕ್ಕ ಮಾಕಣಿಯಲ್ಲಿದ್ದರು. ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಅತ್ತೆ ಕೈಕಾಲು ತೊಳೆದು ಸೀದಾ ನನ್ನ ಮುಂದೆ ಬಂದು ಕೂತರು.

‘ಈ ಪದಕ್ಕ ಈಗ ನಾ ಒಬ್ಬಾಕಿನೇ ಉಳದೀನಿ,’ ಅಂದರು. ‘ನಿನ್ನ ಡಬ್ಬಿನಾಗ ಬರಕೋ.’

ಅತ್ತೆ ನನ್ನ ಬಳಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಹಾ ಕೂಡ ಕೇಳುವವರಲ್ಲ ಅವರು. ಲೋಟವನ್ನು ಸಪ್ಪಳಾಗುವಂತೆ ನೆಲಕ್ಕಿಡುತ್ತಾರೆ, ಅಷ್ಟೆ. ನಾನು ಹಿಗ್ಗಿ ಹೀರೇಕಾಯಿಯಾದೆ. ನಾಲ್ಕು ದಿನದ ಕೆಲಸ ಅಂದುಕೊಂಡೆ.

ಮೊಬೈಲಿನಲ್ಲಿ ರೆಕಾರ್ಡು ಮಾಡಬಾರದೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಹಿಂದೊಮ್ಮೆ ಸಂಬಂಧಿಕರೊಬ್ಬರು ಅತ್ತೆಗೆ ಹೇಳದೆ ನಾಲ್ಕು ನುಡಿ ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು. ಅದು ಊರೂರು ತಿರುಗಿ, ಯಾರೋ ಪುಣ್ಯಾತ್ಮರು ಅದಕ್ಕೆ ಡಿಜೆ ಬಡಿತ ಕೂಡಿಸಿ, ಕೊನೆಗೆ ಯಾರದೋ ಮದುವೆಯ ಮೆರವಣಿಗೆಯಲ್ಲಿ ಅತ್ತೆಯ ಕಿವಿಗೇ ಬಿತ್ತು. ಅಂದಿನಿಂದ ಮೊಬೈಲು ಕಂಡರೆ ಅವರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಇನ್ನು ಕೈಯಲ್ಲಿ ಬರೆದುಕೊಳ್ಳೋಣವೆಂದರೆ ಅವರ ಪದದ ಓಟಕ್ಕೆ ಪೆನ್ನು ಮುಟ್ಟುವುದಿಲ್ಲ. ನನ್ನ ಟೈಪು ಮುಟ್ಟುತ್ತದೆ.

ಆದರೆ ಅತ್ತೆಯ ಪದಕ್ಕೆ ಎರಡು ಕಟ್ಟಳೆ ಇದ್ದವು. ಮೊದಲನೆಯದು ಭಂಡಾರ. ಬೀರಪ್ಪನ ಹೆಸರು ಎತ್ತುವ ಮುಂಚೆ ಮುಷ್ಟಿ ತುಂಬ ಅರಿಶಿನದ ಪುಡಿ ಹಾರಿಸಬೇಕು. ಅದೇ ಭಂಡಾರ, ಅದು ಬೀಳದೆ ಪದ ಇಲ್ಲ. ಡೊಳ್ಳಿನವರು ಡೊಳ್ಳಿನ ಮೇಲೆ ಹಾರಿಸುತ್ತಾರೆ. ನಮ್ಮಲ್ಲಿ ಡೊಳ್ಳೆಲ್ಲಿದೆ? ಪದವನ್ನು ಹಿಡಿದುಕೊಳ್ಳುವುದು ಡಬ್ಬಿ, ಆದ್ದರಿಂದ ಭಂಡಾರ ಡಬ್ಬಿಯ ಮೇಲೆ. ಎರಡನೆಯ ಕಟ್ಟಳೆ ಅವರಪ್ಪನದು: ಪದ ಎತ್ತಿದ ಮೇಲೆ ನಡುವೆ ಬಿಡಬಾರದು, ಬಿಟ್ಟರೆ ಅಲ್ಲಿಂದಲೇ ಮುಂದುವರಿಸುವಂತಿಲ್ಲ. ಮತ್ತೆ ಭಂಡಾರ ಹಾರಿಸಿ ಮೊದಲಿನಿಂದ ಬರಬೇಕು. ದೇವರನ್ನು ದಾರಿಯ ನಡುವೆ ನಿಲ್ಲಿಸಿ ‘ತಡಿ, ಬಂದೆ’ ಅನ್ನಲಾಗುತ್ತದೆಯೇ ಎಂದು ಕೇಳುತ್ತಿದ್ದರು.

ಶುರುವಾಯಿತು. ಅತ್ತೆ ಭಂಡಾರ ಹಾರಿಸಿದರು, ಕಣ್ಣು ಮುಚ್ಚಿದರು, ಹಾಡಿದರು. ನನ್ನ ಬೆರಳು ಓಡಿದವು. ಹುಟ್ಟಿತು ಕೂಸು, ಹೊತ್ತು ನಡೆದರು, ಅಡವಿಯಲ್ಲಿ ಗಿಡದ ಕೆಳಗೆ ಇಟ್ಟರು. ‘ಅಡವ್ಯಾಗ ಮಲಗ್ಯಾದ ಕೂಸು, ಹಾಲಿಗಿ ಬಾಯಿ ತೆರದಾದ’ ಎಂಬಲ್ಲಿಗೆ ಬಂದಾಗ ಬಂತು ನೋಡಿ ಆ ಬೂದು ಚೌಕಟ್ಟು! ಮೆಮೊರಿಯನ್ನು ಓದಲಾಗಲಿಲ್ಲ. ಓಕೆ.

‘ನಿಲ್ರಿ ಅತ್ತಿ!’ ಎಂದು ಕೂಗಿದೆ. ನಿಂತರು. ನಾನು ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಅವರು ಮತ್ತೆ ಭಂಡಾರ ಹಾರಿಸಿದರು, ಮೊದಲಿನಿಂದ ಎತ್ತಿದರು. ಕೂಸು ಅಡವಿಗೆ ಹೋಯಿತು. ಚೌಕಟ್ಟು ಬಂತು.

ಹೀಗೆ ಒಂದು ದಿನವಲ್ಲ. ವಾರದಲ್ಲಿ ಅತ್ತೆಗೆ ಮನಸ್ಸಿದ್ದ ದಿನವೆಲ್ಲ ಇದೇ. ಟೈಪು ಮಾಡಿದ್ದನ್ನು ನಾನು ಉಳಿಸಿಕೊಳ್ಳುತ್ತಿದ್ದೆ, ಅದು ಹೋಗುತ್ತಿರಲಿಲ್ಲ. ಆದರೆ ಉಳಿದದ್ದೆಲ್ಲ ಮೊದಲರ್ಧವೇ. ಅದೂ ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ. ಅಕ್ಕ ಮನೆ ಬಿಟ್ಟು ಹೊರಡುವಷ್ಟರಲ್ಲಿ ಯಂತ್ರ ಕಣ್ಣು ಮುಚ್ಚುತ್ತಿತ್ತು. ಅಕ್ಕ ಏನು ಮಾಡಿದಳು, ಹೇಗೆ ಹುಡುಕಿದಳು, ಒಂದು ಅಕ್ಷರವೂ ನನ್ನ ಬಳಿ ಇರಲಿಲ್ಲ. ಅತ್ತೆಯ ಗಂಟಲು ಒಣಗುತ್ತಿತ್ತು, ಕೆಮ್ಮು ಬರುತ್ತಿತ್ತು. ಇದನ್ನು ಬಲ್ಲ ಒಂದೇ ಒಂದು ಗಂಟಲನ್ನು ಈ ತಗಡಿನ ಡಬ್ಬಿ ಸುಮ್ಮಸುಮ್ಮನೆ ಸವೆಸುತ್ತಿದೆಯಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು.

ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉಮರ್ಗಾಕ್ಕೆ ಹೋದೆ. ಕಂಡಕ್ಟರು ಒಳಗೇನಿದೆ ಎಂದು ಕಂಬಳಿ ಎತ್ತಿ ನೋಡಿದರು. ರಿಪೇರಿ ಅಂಗಡಿಯವನು ತಂತಿ ಜೋಡಿಸಿ ಗುಂಡಿ ಒತ್ತಿದ. ಯಂತ್ರ ಬಂಗಾರದಂತೆ ನಡೆಯಿತು! ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಅಂವಾ ಅಲ್ಲಿ ಇಲ್ಲಿ ಒತ್ತಿ, ನನ್ನ ಕನ್ನಡದ ಅಕ್ಷರಗಳನ್ನು ಕಂಡು, ಹುಬ್ಬೇರಿಸಿ ಹೇಳಿದ: ‘ತಾಈ, ಹೇ ಕಾನಡೀ ಫಾಂಟ್ ಕಾಢಾ.’ ಕನ್ನಡದ ಫಾಂಟು ತೆಗೆದುಹಾಕಿ, ಎಲ್ಲ ಸರಿಹೋಗುತ್ತದೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ವರ್ಷ ಪ್ರೆಸ್ಸಿನಲ್ಲಿ ಹಗಲೆಲ್ಲ ಅದೇ ಫಾಂಟು ನಡೆದಿದೆ, ಒಂದು ದಿನ ಕೆಮ್ಮಿರಲಿಲ್ಲ.

‘ಇದನ್ನ ತೆಗೆದ್ರ ನಾ ಯಾತಕ್ಕ ಇದನ್ನ ಇಟ್ಕೋಬೇಕಪ್ಪಾ? ಹಿಟ್ಟು ಬೀಸ್ಲಾಕ?’ ಎಂದು ಕೇಳಿದೆ. ಅಂವಾ ನಕ್ಕ. ನಾನು ನಗಲಿಲ್ಲ. ಮನೆಗೆ ತಂದೆ. ಅತ್ತೆ ಭಂಡಾರ ಹಾರಿಸಿದರು. ಕೂಸು ಅಡವಿ, ಚೌಕಟ್ಟು.

ಕಾಸಾರಶಿರಸಿಯ ಸಂತೆಗೆ ಹೋದಾಗ ಪರಿಚಯದವರು ನಿಲಂಗಾದಲ್ಲಿ ಒಬ್ಬ ಜಾಣನಿದ್ದಾನೆ ಅಂದರು. ಅಲ್ಲಿಗೂ ಹೊತ್ತೆ. ಅಲ್ಲೂ ಯಂತ್ರ ಮಾವನ ಮನೆಗೆ ಬಂದ ಅಳಿಯನಂತೆ ಶಿಸ್ತಿನಿಂದ ನಡೆಯಿತು. ಆ ಜಾಣ ಪರದೆಯನ್ನೂ ಸರಿಯಾಗಿ ನೋಡಲಿಲ್ಲ. ‘ಫಾರ್ಮ್ಯಾಟ್ ಮಾರಾವಂ ಲಾಗೇಲ,’ ಅಂದ. ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆದರೂ ಒಪ್ಪಿದೆ, ಇದ್ದಬದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು. ಹಳೇ ಸಿಸ್ಟಮ್ಮನ್ನೇ ಮತ್ತೆ ಹಾಕಿಸಿ, ನನ್ನ ತಂತ್ರಾಂಶವನ್ನೂ ಹಾಕಿಸಿ ತಂದೆ. ಯಂತ್ರ ವಾಪಸು ಬಂದ ಸಂತೋಷಕ್ಕೆ ಅತ್ತೆ ಆ ದಿನ ಎರಡು ಮುಷ್ಟಿ ಭಂಡಾರ ಹಾರಿಸಿದರು. ಕೂಸು ಅಡವಿಯನ್ನೂ ಮುಟ್ಟಲಿಲ್ಲ, ಹೊಸಿಲಲ್ಲೇ ಚೌಕಟ್ಟು.

ಆಮೇಲೆ ಉದಗೀರ. ಅಲ್ಲಿಯದು ದೊಡ್ಡ ಅಂಗಡಿ, ಗಾಜಿನ ಬಾಗಿಲು, ಒಳಗೆ ತಂಪು. ಒಬ್ಬ ಟೈ ಕಟ್ಟಿದವನು ಕಂಬಳಿ ಬಿಚ್ಚುವುದಕ್ಕೂ ಬಿಡಲಿಲ್ಲ. ‘ಯಾವ ಸಿಸ್ಟಮ್ಮು?’ ಕೇಳಿದ. ಹೇಳಿದೆ. ‘ಹೇ ಮೇಲಂ, ತಾಈ,’ ಅಂದ. ಇದು ಸತ್ತಿದೆ. ಸತ್ತಿದೆಯಂತೆ! ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದವಳ ಮುಂದೆ, ಹಣೆ ಕೂಡ ಮುಟ್ಟಿ ನೋಡದೆ ಹೇಳುವ ಮಾತೇ ಇದು? ಹೊಸದರಲ್ಲಿ ನನ್ನ ಕನ್ನಡ ನಡೆಯುವುದಿಲ್ಲ ಎಂದೆ. ‘ಮರಾಠಿಯಲ್ಲಿ ಬರೀರಿ, ಇಂಗ್ಲಿಷಿನಲ್ಲಿ ಬರೀರಿ,’ ಎಂದು ಹೊಸ ಯಂತ್ರದ ಚಿತ್ರದ ಹಾಳೆ ಕೊಟ್ಟ. ನಮ್ಮತ್ತೆಯ ಬಾಯಿಯನ್ನೂ ಬದಲಾಯಿಸಿ ಕೊಡುತ್ತೀಯೇನಪ್ಪಾ ಎಂದು ಕೇಳಬೇಕೆನ್ನಿಸಿತು. ನಾಲಿಗೆ ಕಚ್ಚಿಕೊಂಡೆ. ಈಗಲೂ ಅನ್ನಿಸುತ್ತದೆ, ಕೇಳಬೇಕಾಗಿತ್ತು.

ಮೂರು ಊರು ತಿರುಗಿದರೂ ಒಬ್ಬರೂ ಡಬ್ಬಿಯ ಮುಚ್ಚಳ ಬಿಚ್ಚಲಿಲ್ಲ ಎಂಬುದು ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು. ಮನೆಗೆ ಬಂದವಳೇ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದೆ. ನಮ್ಮವರು ಟೈರಿನ ಮುಂದಿನಿಂದ ಎದ್ದು ಬಂದು, ‘ಏ, ಏನ್ ಮಾಡ್ತೀ? ಕರೆಂಟ್ ಹೊಡದೀತು,’ ಅಂದರು. ‘ಹೊಡೀಲಿ, ನಾನೂ ಹೊಡೀತೀನಿ ಅದಕ್ಕ,’ ಅಂದೆ. ಮುಚ್ಚಳ ತೆಗೆದೆ.

ಒಳಗೆ ಹಳದಿ. ತಂತಿಗಳ ಮೇಲೆ ಹಳದಿ, ಮೂಲೆಗಳಲ್ಲಿ ಹಳದಿ. ಫ್ಯಾನಿನ ರೆಕ್ಕೆಗೆ ಅರಿಶಿನ ಗಟ್ಟಿಯಾಗಿ ಅಂಟಿತ್ತು. ಮೆಮೊರಿಯ ಪಟ್ಟಿ ಕೂರುವ ಸಂದಿಯಲ್ಲೂ ಸಣ್ಣಗೆ ಕೂತಿತ್ತು. ಬೀರಪ್ಪನ ಗುಡಿಯ ಗರ್ಭಗುಡಿಯೂ ಇಷ್ಟು ಹಳದಿ ಇರಲಿಕ್ಕಿಲ್ಲ. ಫ್ಯಾನು ತಿರುಗಲಾರದೆ ಒಳಗೆ ಕಾವೇರುತ್ತಿತ್ತು. ಕಾವು ಏರಲು ಹಿಡಿಯುವ ಹೊತ್ತೂ ಕೂಸು ಅಡವಿ ಮುಟ್ಟುವ ಹೊತ್ತೂ ಒಂದೇ. ಚೌಕಟ್ಟು ಬಂದಾಗಲೆಲ್ಲ ಅತ್ತೆ ಮೊದಲಿನಿಂದ ಎತ್ತುತ್ತಿದ್ದರು, ಎತ್ತುವ ಮುಂಚೆ ಮತ್ತೊಂದು ಮುಷ್ಟಿ ಹಾರಿಸುತ್ತಿದ್ದರು, ಆ ಮುಷ್ಟಿಗೆ ಚೌಕಟ್ಟು ಇನ್ನೂ ಬೇಗ ಬರುತ್ತಿತ್ತು. ಊರಿಂದೂರಿಗೆ ಬಸ್ಸಿನಲ್ಲಿ ಕುಲುಕಿದಾಗ ಪುಡಿ ಒಂದಿಷ್ಟು ಉದುರುತ್ತಿತ್ತು, ಅದಕ್ಕೇ ರಿಪೇರಿಯವರ ಮುಂದೆ ಆ ಶಿಸ್ತು.

ನಮ್ಮವರು ಟೈರಿಗೆ ಗಾಳಿ ತುಂಬುವ ಪೈಪು ತಂದು ಒಳಗೆ ಹಿಡಿದರು. ಅಂಗಳದ ತುಂಬ ಹಳದಿ ಮೋಡ ಎದ್ದಿತು. ರಸ್ತೆಯಲ್ಲಿ ನಿಂತಿದ್ದ ಲಾರಿಯ ಚಾಲಕ ಏನೋ ಪೂಜೆ ಅಂದುಕೊಂಡು ಕೈಮುಗಿದ. ನಮ್ಮವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಮೆಮೊರಿಯ ಪಟ್ಟಿಯನ್ನು ತೆಗೆದು, ಪ್ರೆಸ್ಸಿನ ಮಾಲೀಕರು ಮಾಡುತ್ತಿದ್ದ ಹಾಗೆ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ಉಜ್ಜಿ ಕೂರಿಸಿದೆ. ಆಮೇಲೆ ಒಳಗೆ ಹೋಗಿ ಅತ್ತೆಯ ಮುಂದೆ ನಿಂತೆ.

‘ಅತ್ತಿ, ಇನ್ನ ಮ್ಯಾಗ ಡಬ್ಬಿ ಮ್ಯಾಗ ಭಂಡಾರ ಹಾಕಬ್ಯಾಡ್ರಿ. ಅದರಿಂದೇ ಕೆಡ್ಲಾಕತ್ತದ.’

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ‘ದೇವರ ಭಂಡಾರಕ್ಕ ಕೆಡ್ತದ ಅಂತೀ?’

‘ದೇವರದಿರಲಿ, ಯಾರದೇ ಇರಲಿ, ಪುಡಿ ಅದ ಅದು! ಕಣ್ಣಾಗ ಬಿದ್ರ ಕಣ್ಣೂ ಕೆಡ್ತದ!’

‘ಹಂಗಾರ ಪದಾನೂ ಬ್ಯಾಡ. ಭಂಡಾರ ಬಿಟ್ಟು ಹಾಡಾಕಿ ನಾ ಅಲ್ಲ.’

‘ನಾ ಅದನ್ನ ಹೊತ್ಕೊಂಡು ಮೂರು ಊರು ತಿರುಗೀನಿ ಅತ್ತಿ! ಬಸುರಿದ್ದಾಗರೆ ಇಷ್ಟು ಹೊತ್ಕೊಂಡು ತಿರುಗ್ತಾರೋ ಇಲ್ಲೋ!’

ಮಾತಿಗೆ ಮಾತು ಬೆಳೆಯಿತು. ನನ್ನ ತವರಿನವರೆಗೂ ಹೋಗಿ ಬಂತು. ಎರಡು ದಿನ ಲೋಟದ ಸಪ್ಪಳ ಕೂಡ ಇಲ್ಲ. ನನಗೆ ಅತ್ತೆಯ ಮೇಲೆ ಸಿಟ್ಟು, ದೇವರ ಮೇಲೆ ಸಿಟ್ಟು, ಡಬ್ಬಿಯ ಮೇಲಂತೂ ಕೇಳಬೇಡಿ. ಕೊನೆಗೆ ನಮ್ಮವರೇ ನಡುವೆ ಬಿದ್ದು ಒಂದು ದಾರಿ ಹುಡುಕಿದರು: ಯಂತ್ರವೂ ನಾನೂ ಒಳಕೋಣೆಯಲ್ಲಿ, ಅತ್ತೆ ಗೋಡೆಯ ಆಚೆ ಪಡಸಾಲೆಯಲ್ಲಿ. ನಡುವೆ ಒಂದು ಬೆಳಕಿಂಡಿ ಇತ್ತು, ಪದ ಕೇಳಿಸುತ್ತಿತ್ತು. ಭಂಡಾರವನ್ನು ಅವರು ತಮ್ಮ ಮುಂದೆ ನೆಲದ ಮೇಲೆ ಹಾರಿಸಿಕೊಳ್ಳುವುದು. ಅತ್ತೆ ಹೂಂ ಅಂದರು. ಅಷ್ಟು ಬೇಗ ಹೂಂ ಅಂದದ್ದಕ್ಕೆ ನನಗೆ ಅನುಮಾನ ಬರಬೇಕಾಗಿತ್ತು.

ಮರುದಿನ ಬೆಳಿಗ್ಗೆ ನೀರು ತುಂಬಿಟ್ಟು ಬಂದು ಕೂತೆ. ಗೋಡೆಯ ಆಚೆ ಅತ್ತೆ ಪದ ಎತ್ತಿದರು. ಮುಖ ಕಾಣದೆ ಬರೀ ದನಿ ಬರುತ್ತಿದ್ದುದರಿಂದಲೋ ಏನೋ ಆ ದಿನ ಪದ ಬಹಳ ಚೊಕ್ಕವಾಗಿ ಬಂತು. ಬೆರಳು ತಾವಾಗಿಯೇ ಅದರ ಬೆನ್ನು ಹತ್ತಿದವು. ಕೂಸು ಹುಟ್ಟಿತು. ಹೊತ್ತು ನಡೆದರು. ಗಿಡದ ಕೆಳಗೆ ಇಟ್ಟರು. ಚೌಕಟ್ಟು ಬರಲಿಲ್ಲ! ಮನೆಯಲ್ಲಿ ಅಕ್ಕನಿಗೆ ಸುದ್ದಿ ಮುಟ್ಟಿತು. ಕುಟ್ಟುತ್ತಿದ್ದ ಒನಕೆ ಕೈಬಿಟ್ಟಳು. ಬಾಗಿಲು ದಾಟಿದಳು.

ಚೌಕಟ್ಟು ಬಂತು.

ನನ್ನ ಬಾಯಿಯ ತುದಿಗೆ ‘ನಿಲ್ರಿ ಅತ್ತಿ’ ಬಂದಿತ್ತು. ಗೋಡೆಯ ಆಚೆ ಅತ್ತೆ ಅಕ್ಕನನ್ನು ಊರ ಹೊರಗೆ ತಂದಿದ್ದರು. ನಾನು ಆ ಬೂದು ಚೌಕಟ್ಟನ್ನು ನೋಡಿದೆ. ಇಷ್ಟೆಲ್ಲ ಆದ ಮೇಲೂ, ಬಿಚ್ಚಿ ಊದಿ ಉಜ್ಜಿದ ಮೇಲೂ, ಮತ್ತೆ ಬಂದು ನಿನಗೆ ಒಪ್ಪಿಗೆಯೇ ಎಂದು ಕೇಳುತ್ತಿದೆ! ಏನಾದರೂ ಆಗಲಿ, ಈ ಸಲ ಇದರ ಮಾತು ಕೇಳುವವಳಲ್ಲ ಅಂದುಕೊಂಡೆ. ಆದರೆ ಕೀಗಳ ಸಪ್ಪಳ ನಿಂತರೆ ಅತ್ತೆಗೆ ಗೊತ್ತಾಗುತ್ತದೆ, ಪದ ಮುರಿಯುತ್ತದೆ. ಸತ್ತ ಪರದೆಯ ಮುಂದೆ ಕೂತು ಸುಮ್ಮನೆ ಕೀ ಬಡಿಯತೊಡಗಿದೆ. ಒಂದು ಅಕ್ಷರವೂ ಇಳಿಯುತ್ತಿರಲಿಲ್ಲ. ಬಡಿದೇ ಬಡಿದೆ.

ಬರೆಯುವ ಕೆಲಸ ಇಲ್ಲದ್ದರಿಂದ ಕಿವಿ ಬಿಚ್ಚಿತು. ಇಷ್ಟು ತಿಂಗಳು ನಾನು ಪದವನ್ನು ಅಕ್ಷರವಾಗಿ ಕತ್ತರಿಸುತ್ತಿದ್ದೆನೇ ಹೊರತು ಕೇಳಿರಲಿಲ್ಲ. ಅಕ್ಕ ಅಡವಿಯ ದಾರಿಯಲ್ಲಿ ಕಂಡಕಂಡ ಮುಳ್ಳನ್ನೆಲ್ಲ ಕೇಳುತ್ತಾಳೆ, ಇರುವೆಯನ್ನು ಕೇಳುತ್ತಾಳೆ. ಇರುವೆ ದಾರಿ ಹೇಳುತ್ತದೆ. ಕೂಸಿಗೆ ಕೊಡಲು ಹಾಲಿಲ್ಲ, ಮದುವೆಯಾಗದ ಹುಡುಗಿ ಅವಳು. ಈಗ ತಾನೇ ಈದ ಕುರಿಯೊಂದನ್ನು ತಡೆದು ನಿಲ್ಲಿಸಿ, ನಿನ್ನ ಮರಿಯ ಪಾಲಿನಲ್ಲಿ ಅರ್ಧ ಕೊಡು ಎಂದು ಬೇಡುತ್ತಾಳೆ. ಕುರಿ ಕಾಲಗಲಿಸಿ ನಿಲ್ಲುತ್ತದೆ. ಸಿಟ್ಟಿಗೋ ಏನೋ ನನ್ನ ಕಣ್ಣು ತುಂಬಿ ಬಂದವು. ಅಕ್ಕ ಕೂಸನ್ನು ಮಡಿಲಿಗೆ ಹಾಕಿಕೊಂಡು ಮನೆಯ ಹಾದಿ ಹಿಡಿದಳು. ಹೊಸಿಲು ದಾಟಿದಳು. ಪದ ಮುಗಿಯಿತು. ಆಚೆ ಅತ್ತೆ ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು.

ಆಗಲೇ ಡಬ್ಬಿಯ ಹಿಂಬದಿ ನನ್ನ ಕಣ್ಣಿಗೆ ಬಿತ್ತು. ಫ್ಯಾನಿನ ತೂತುಗಳ ಮೇಲೆ ಮೂರು ಬೆರಳಿನ ಹಸಿ ಹಳದಿ ಗೆರೆ, ಅದರ ಕೆಳಗೆ ಉದುರಿದ ಪುಡಿ. ದಡದಡನೆ ಪಡಸಾಲೆಗೆ ಹೋದೆ.

‘ಅತ್ತಿ! ಡಬ್ಬಿಗಿ ಭಂಡಾರ ಹಚ್ಚೀರೇನು?’

‘ಹಚ್ಚೀನಿ. ಚಿಟಿಕಿ. ನೀ ನೀರಿಗಿ ಹೋದಾಗ.’ ಅಂಜಿಕೆ ಇಲ್ಲ, ಅಳುಕಿಲ್ಲ.

‘ನಿಮ್ಮ ಚಿಟಿಕಿಗಿ ಮತ್ತ ಬಂದ್ ಬಿತ್ತಲ್ರೀ! ಅಕ್ಕ ಬಾಗಿಲ ದಾಟಿದ ಮ್ಯಾಗ ಒಂದ ಅಕ್ಷರ ಬಂದಿಲ್ಲ! ಎಲ್ಲಾ ಹೋಯ್ತು!’

‘ಗೊತ್ತದ.’

‘ಗೊತ್ತದ?’

‘ನೀ ಬರೀವಾಗ ನಿನ್ನ ಬೆರಳು ನನ್ನ ಹಿಂದ ಹಿಂದ ಬರ್ತಾವ. ಆಮ್ಯಾಗ ಬರೇ ಧಡಾಧಡಾ ಬಡೀಲಾಕತ್ತಿದಿ. ಕೆಟ್ಟದ ಅಂತ ಅವಾಗೇ ತಿಳೀತು.’

‘ಮತ್ತ ಯಾಕ ಹಾಡಿದ್ರಿ?’

‘ನೀ ನಿಲ್ಲು ಅನ್ನಲಿಲ್ಲ, ನಾ ಹಾಡಿದೆ. ದಿನಾ ನಿಲ್ಲಸ್ತಿದ್ದಾಕಿ ನೀನು. ಡಬ್ಬಿ ಯಾವಾಗರೆ ನನಗ ನಿಲ್ಲು ಅಂದದೇನು?’

ಉಮರ್ಗಾ, ನಿಲಂಗಾ, ಉದಗೀರ ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಅತ್ತೆ ಲೋಟದಲ್ಲಿದ್ದ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆಗೆ ಒರಗಿದರು.

‘ಎಲ್ಲೀತನ ಬಂದದ ಹೇಳು. ಅಲ್ಲಿಂದ ಹಾಡ್ತೀನಿ, ಬರಕೋ.’

‘ನಡುವಿನಿಂದ?’ ನನ್ನ ದನಿ ಏರಿತು. ‘ನಡುವಿನಿಂದ ಎತ್ತಬಾರದು ಅಂತ ಇಷ್ಟು ದಿನ ನನ್ನ ಜೀವಾ ತಿಂದೀರಿ! ಈಗ ಹೆಂಗ ನಡೀತದ್ರಿ ಅದು?’

‘ಏ ಹುಚ್ಚಿ, ಇಷ್ಟು ದಿನ ಕೂಸಿಗಿ ಅಡವ್ಯಾಗ ಬಿಟ್ಟು ಏಳ್ತಿದ್ದಿವಿ. ನಡುವಿನಿಂದ ಹೆಂಗ ಎತ್ತಲಿ?’ ಅಂದರು ಅತ್ತೆ. ‘ಇವತ್ತ ಕೂಸು ಮನಿ ಮುಟ್ಯಾದ. ಇನ್ನ ನೀ ಎಲ್ಲಿಂದ ಕೇಳಿದ್ರೂ ಹಾಡ್ತೀನಿ.’